ಹಿಂದಿರುಗಿ ಬಾರದ ಸರಕು

ವ್ಯಾಪಾರದ ಸರಕಿನಲ್ಲಿ ಎರಡು ಬಗೆ ಉಂಟು. ಒಪ್ಪಿಗೆಯಾಗದಿದ್ದರೆ ಮರಳಿ ಅಂಗಡಿಗೆ ಬರುವುದು ಒಂದು. ಹೊಸ್ತಿಲು ದಾಟಿದ ಮೇಲೆ ಮತ್ತೆ ಬಾರದಿರುವುದು ಇನ್ನೊಂದು. ಬಟ್ಟೆಯಲ್ಲಿ ನೂಲು ಹರಿದಿದ್ದರೆ ಅದನ್ನು ಹಿಂದಕ್ಕೆ ಪಡೆದು, ಗಿರಾಕಿಯ ಖಾತೆಗೆ ಹಣ ಜಮಾ ಮಾಡಿದರೆ ವ್ಯವಹಾರ ಮುಗಿಯಿತು. ಬಿತ್ತನೆ ಬೀಜ ಹಾಗಲ್ಲ. ಅದು ಮಣ್ಣಿಗೆ ಬಿದ್ದ ಮೇಲೆ ಕೆಟ್ಟದ್ದೆಂದು ತಿಳಿದರೆ ಹಣ ಹಿಂದಿರುಗಬಹುದೇ ಹೊರತು ಆ ಮಳೆಗಾಲ ಹಿಂದಿರುಗಲಾರದು. ಆದುದರಿಂದಲೇ ಪ್ರಾಮಾಣಿಕನಾದ ವರ್ತಕನು ಬಟ್ಟೆ ಮಾರುವಾಗ ಕೇಳದ ಪ್ರಶ್ನೆಗಳನ್ನು ಬೀಜ ಮಾರುವಾಗ ಕೇಳುತ್ತಾನೆ.

ಈಗ ಜಗತ್ತಿನ ಮುಂದೆ ಮೂರನೆಯ ಬಗೆಯ ಸರಕೊಂದು ಬಂದಿದೆ. ಅದು ಹಿಂದಿರುಗುವುದಿಲ್ಲ, ಅಷ್ಟೇ ಅಲ್ಲ, ತಾನಾಗಿಯೇ ವೃದ್ಧಿಯಾಗುತ್ತದೆ, ತಾನಾಗಿಯೇ ನಡೆದು, ಹಾರಿ, ಕೇಳದವರ ಮನೆಗೂ ಹೋಗುತ್ತದೆ. ವಂಶವಾಹಿಯನ್ನು ತಿದ್ದಿ ಕಾಡಿಗೆ, ಕೆರೆಗೆ, ಬಯಲಿಗೆ ಬಿಡಬಹುದಾದ ಜೀವಿಗಳೇ ಆ ಸರಕು. ಅವುಗಳನ್ನು ಬಿಡಲು ಅಪ್ಪಣೆ ಕೊಡಬೇಕಾದವರು ಯಾರು, ಯಾರನ್ನು ಕೇಳಿ ಕೊಡಬೇಕು, ಕೆಟ್ಟರೆ ಹೊಣೆ ಯಾರದು ಎಂಬುದು ವಿಜ್ಞಾನಿಗಳಿಗೆ ಮಾತ್ರ ಸೇರಿದ ಪ್ರಶ್ನೆಯಲ್ಲ. ಅಹಿಂಸೆಯನ್ನು ಬಾಳಿನ ಅಳತೆಗೋಲೆಂದು ನಂಬಿದ ಶ್ರಾವಕನಿಗಂತೂ ಇದು ನೇರವಾಗಿ ಸಂಬಂಧಿಸಿದ ವಿಚಾರ.

ಮೊದಲು ಈ ವಿದ್ಯೆಯ ಸ್ವರೂಪವನ್ನು ಸ್ವಲ್ಪ ತಿಳಿಯುವುದು ಅವಶ್ಯ. ತಂದೆಯಿಂದ ಒಂದು, ತಾಯಿಯಿಂದ ಒಂದು ಎಂಬಂತೆ ಪ್ರತಿಯೊಂದು ವಂಶವಾಹಿಯ ಎರಡು ಪ್ರತಿಗಳನ್ನು ಸಂತಾನವು ಪಡೆಯುತ್ತದೆ. ಆದ್ದರಿಂದ ಒಂದು ಪ್ರಾಣಿಯಲ್ಲಿ ಮಾಡಿದ ಬದಲಾವಣೆಯು ಅದರ ಮರಿಗಳಲ್ಲಿ ಸರಾಸರಿ ಅರ್ಧದಷ್ಟಕ್ಕೆ ಮಾತ್ರ ಬರುತ್ತದೆ. ಆ ಬದಲಾವಣೆ ಪ್ರಾಣಿಗೆ ಸ್ವಲ್ಪ ಭಾರವಾದದ್ದಾದರೆ ಕೆಲವು ತಲೆಮಾರುಗಳಲ್ಲಿ ಪ್ರಕೃತಿಯೇ ಅದನ್ನು ಅಳಿಸಿಹಾಕುತ್ತದೆ. ಇದೊಂದು ಸಹಜವಾದ ಬೇಲಿ. 2012ರ ಸುಮಾರಿಗೆ ವಿಜ್ಞಾನಿಗಳ ಕೈಗೆ ಕ್ರಿಸ್ಪರ್ ಎಂಬ ಸಾಧನ ದೊರೆಯಿತು. ವಂಶವಾಹಿಯನ್ನು ಬೇಕಾದ ಸ್ಥಳದಲ್ಲಿ ಕತ್ತರಿಸಿ ತಿದ್ದಬಲ್ಲ ಕತ್ತರಿ ಅದು. ತಿದ್ದುಪಡಿಯೊಡನೆ ಆ ಕತ್ತರಿಯನ್ನೂ ಪ್ರಾಣಿಯ ವಂಶವಾಹಿಯೊಳಗೇ ಇಟ್ಟುಬಿಟ್ಟರೆ, ಅದು ಜೊತೆಯ ಪ್ರತಿಯನ್ನೂ ಕತ್ತರಿಸಿ ತನ್ನ ನಕಲನ್ನು ಅಲ್ಲಿ ಕೂರಿಸುತ್ತದೆ. ಆಗ ಅರ್ಧದಷ್ಟು ಮರಿಗಳಿಗಲ್ಲ, ಹೆಚ್ಚುಕಡಿಮೆ ಎಲ್ಲ ಮರಿಗಳಿಗೂ ಆ ಬದಲಾವಣೆ ಹೋಗುತ್ತದೆ. ಅವುಗಳ ಮರಿಗಳಿಗೂ ಹೋಗುತ್ತದೆ. ಇದಕ್ಕೆ ‘ಜೀನ್ ಡ್ರೈವ್’ ಎಂದು ಹೆಸರು. ಬೆರಳೆಣಿಕೆಯ ಪ್ರಾಣಿಗಳಿಂದ ಆರಂಭವಾದ ಬದಲಾವಣೆ ಇಡೀ ಜಾತಿಯನ್ನು ವ್ಯಾಪಿಸಬಲ್ಲದು.

ಇದು ಕೇವಲ ಊಹೆಯಲ್ಲ. 2015ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಸ್ಯಾನ್ ಡಿಯೇಗೊ ಶಾಖೆಯಲ್ಲಿ ಹಣ್ಣುನೊಣದ ಮೇಲೆ ಇದನ್ನು ಮಾಡಿ ತೋರಿಸಿದರು. ಅದೇ ವರ್ಷದ ಕೊನೆಯಲ್ಲಿ, ಭಾರತದ ನಗರಗಳಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆಯ ಮೇಲೆಯೂ ಪ್ರಯೋಗ ನಡೆಯಿತು. 2018ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಆಫ್ರಿಕದ ಮಲೇರಿಯಾ ಸೊಳ್ಳೆಗಳನ್ನು ಪಂಜರದಲ್ಲಿಟ್ಟು ಪರೀಕ್ಷಿಸಿದಾಗ ಏಳರಿಂದ ಹನ್ನೊಂದು ತಲೆಮಾರುಗಳೊಳಗೆ ಪಂಜರದ ಸಂತತಿಯೇ ನಿಂತುಹೋಯಿತು. ಇಂತಹ ಜೀನ್ ಡ್ರೈವ್ ಉಳ್ಳ ಯಾವ ಜೀವಿಯನ್ನೂ ಇದುವರೆಗೆ ಹೊರಗಿನ ಪ್ರಕೃತಿಗೆ ಬಿಟ್ಟಿಲ್ಲ. ವಿಚಾರ ಮಾಡಲು ಕಾಲಾವಕಾಶ ಇನ್ನೂ ಇದೆ ಎಂಬುದೇ ಸಮಾಧಾನ.

ಈ ವಿದ್ಯೆಯ ಚರಿತ್ರೆಯಲ್ಲಿ ಕೆವಿನ್ ಎಸ್ವೆಲ್ಟ್ ಎಂಬ ಅಮೆರಿಕನ್ ವಿಜ್ಞಾನಿಯ ನಡೆ ವಿಶೇಷವಾಗಿ ಗಮನಿಸತಕ್ಕದ್ದು. 2013ರಲ್ಲಿ, ಹಾರ್ವರ್ಡ್‌ನಲ್ಲಿ ಕೆಲಸ ಮಾಡುತ್ತಿದ್ದಾಗ, ಕ್ರಿಸ್ಪರ್ ಕತ್ತರಿಯನ್ನು ಜೀವಿಯೊಳಗೇ ಇಟ್ಟರೆ ಏನಾದೀತೆಂಬ ಯೋಚನೆ ಅವರಿಗೆ ಹೊಳೆಯಿತು. ಮೊದಲ ದಿನ ಅವರಿಗಾದದ್ದು ಹರ್ಷ. ಮಲೇರಿಯಾದಂತಹ ರೋಗಗಳನ್ನು ಬೇರುಸಹಿತ ಕೀಳಬಹುದೆಂಬ ಆಸೆ. ಮರುದಿನ ಅವರನ್ನು ಆವರಿಸಿದ್ದು ಭಯ. ಒಂದು ಪ್ರಯೋಗಾಲಯದಲ್ಲಿರುವ ಕೆಲವೇ ಜನ ಇಡೀ ಭೂಮಿಯ ಒಂದು ಜೀವಜಾತಿಯನ್ನು ಯಾರನ್ನೂ ಕೇಳದೆ ಬದಲಾಯಿಸಬಹುದೆಂಬ ಅರಿವಿನ ಭಯ ಅದು. ಈ ಎರಡು ದಿನಗಳ ಕಥೆಯನ್ನು ಅವರೇ ಹಲವು ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ.

ಸಾಮಾನ್ಯವಾಗಿ ವಿಜ್ಞಾನಿಯು ಪ್ರಯೋಗ ಮಾಡಿ ಯಶಸ್ವಿಯಾದ ಮೇಲೆ ಲೋಕಕ್ಕೆ ತಿಳಿಸುತ್ತಾನೆ. ಎಸ್ವೆಲ್ಟ್ ಮತ್ತು ಸಂಗಡಿಗರು ಈ ಕ್ರಮವನ್ನು ತಿರುವುಮುರುವು ಮಾಡಿದರು. ಪ್ರಯೋಗಕ್ಕೆ ಮೊದಲೇ, 2014ರ ಜುಲೈಯಲ್ಲಿ, ಹೀಗೊಂದು ಶಕ್ತಿ ಸಾಧ್ಯವಾಗಲಿದೆ, ಇದರ ಅಪಾಯಗಳು ಇಂತಹವು, ಇದನ್ನು ಹತೋಟಿಯಲ್ಲಿಡುವ ನಿಯಮಗಳ ಬಗ್ಗೆ ಎಲ್ಲರೂ ಈಗಲೇ ಯೋಚಿಸಬೇಕು ಎಂದು ಬಹಿರಂಗವಾಗಿ ಬರೆದರು. ಪೈಪೋಟಿಯ ಲೋಕದಲ್ಲಿ ಇದು ನಷ್ಟದ ವ್ಯವಹಾರ. ಯೋಚನೆಯನ್ನು ಮೊದಲೇ ಹೊರಗಿಟ್ಟರೆ ಇನ್ನೊಬ್ಬರು ಮೊದಲು ಮಾಡಿಬಿಡಬಹುದು. ಆದರೂ ಅವರು ಅದನ್ನೇ ಆರಿಸಿಕೊಂಡರು.

ಅನಂತರ 2016ರಲ್ಲಿ ಅವರು ಮ್ಯಾಸಚೂಸೆಟ್ಸ್ ರಾಜ್ಯದ ಕರಾವಳಿಯಾಚೆಯ ನ್ಯಾಂಟಕೆಟ್ ಮತ್ತು ಮಾರ್ಥಾಸ್ ವಿನ್ಯರ್ಡ್ ಎಂಬ ದ್ವೀಪಗಳಿಗೆ ಹೋದರು. ಅಲ್ಲಿ ಲೈಮ್ ಎಂಬ ಕಾಯಿಲೆಯ ಪೀಡೆ ಬಹಳ. ಮಲೆನಾಡಿನ ಜನ ಮಂಗನ ಕಾಯಿಲೆಯ ನಿಮಿತ್ತ ಬಲ್ಲ ಉಣ್ಣೆಯಂತಹದೇ ಒಂದು ಉಣ್ಣೆ ಈ ರೋಗವನ್ನೂ ಹರಡುತ್ತದೆ. ಆ ಉಣ್ಣೆಗೆ ರೋಗಾಣು ಹೆಚ್ಚಾಗಿ ತಗಲುವುದು ಬಿಳಿಪಾದದ ಕಾಡಿಲಿಯಿಂದ. ಇಲಿಯನ್ನು ಕೊಲ್ಲುವ ಬದಲು, ರೋಗನಿರೋಧಕ ಶಕ್ತಿ ಹುಟ್ಟಿನಿಂದಲೇ ಇರುವಂತೆ ಅದರ ವಂಶವಾಹಿಯನ್ನು ತಿದ್ದಿದರೆ, ರೋಗದ ಸರಪಳಿ ಅಲ್ಲಿಯೇ ಕಡಿಯುತ್ತದೆ ಎಂಬುದು ಎಸ್ವೆಲ್ಟ್ ಅವರ ಸಲಹೆ. ಇದಕ್ಕೆ ಜೀನ್ ಡ್ರೈವ್ ಬಳಸುವುದಿಲ್ಲವೆಂದೂ, ಸುತ್ತ ಸಮುದ್ರವಿರುವ ದ್ವೀಪವನ್ನೇ ಆರಿಸಿಕೊಂಡಿರುವುದಾಗಿಯೂ ಅವರು ತಿಳಿಸಿದರು.

ಅವರು ಹೋದದ್ದು ಇಲಿಗಳನ್ನು ಸಿದ್ಧಪಡಿಸಿಕೊಂಡಲ್ಲ. ಕೆಲಸ ಆರಂಭಿಸಬಹುದೇ ಎಂದು ಕೇಳಲು. ಊರಿನವರು ಬೇಡವೆಂದರೆ ಯೋಜನೆ ಅಲ್ಲಿಗೇ ನಿಲ್ಲುತ್ತದೆ ಎಂದು ಮೊದಲೇ ಮಾತು ಕೊಟ್ಟರು. ಕೆಲಸವನ್ನು ಗಮನಿಸುವ ಸ್ಥಳೀಯ ಸಮಿತಿಗಳಲ್ಲಿ ಸಂದೇಹವುಳ್ಳವರಿಗೂ ಸ್ಥಾನವಿತ್ತು. ಬೇರೆ ಪ್ರಾಣಿಯ ವಂಶವಾಹಿ ಬೆರೆಸುವುದು ಬೇಡ, ಇಲಿಯದನ್ನೇ ಬಳಸಿ ಎಂಬ ಒಲವು ನ್ಯಾಂಟಕೆಟ್ಟಿನ ಜನರಿಂದ ಬಂದಾಗ, ಕೆಲಸ ಕಠಿಣವಾದರೂ ಯೋಜನೆಯನ್ನು ಅದಕ್ಕೆ ತಕ್ಕಂತೆ ತಿದ್ದಿದರು. ಮೊದಲು ಜನವಸತಿಯಿಲ್ಲದ ಸಣ್ಣ ದ್ವೀಪದಲ್ಲಿ ಪರೀಕ್ಷೆ, ಅನಂತರವೇ ಊರು ಎಂಬ ಕ್ರಮವನ್ನೂ ಹಾಕಿಕೊಂಡರು. ಮಾತುಕತೆ ವರ್ಷಗಟ್ಟಲೆ ನಡೆಯಿತು. ಅವಸರದ ಲೋಕಕ್ಕೆ ಇದು ವಿಳಂಬವೆಂದು ತೋರಬಹುದು. ಆದರೆ ತಮ್ಮ ಮಕ್ಕಳು ಆಡುವ ಹುಲ್ಲಿನಲ್ಲಿ ಏನು ಓಡಾಡಬೇಕೆಂಬುದನ್ನು ನಿರ್ಧರಿಸುವವರು ಸಮಯ ಕೇಳಿದರೆ ಅದು ತಪ್ಪಲ್ಲ.

ಇಂತಹ ಎಚ್ಚರಿಕೆಯ ಮನುಷ್ಯನೂ ಒಂದು ಕಡೆ ಎಡವಿದರು. 2014ರ ಬರಹದಲ್ಲಿ, ಹೊರಗಿನಿಂದ ಬಂದು ಸ್ಥಳೀಯ ಜೀವಿಗಳನ್ನು ನಾಶಮಾಡುವ ಇಲಿ ಮುಂತಾದ ಪ್ರಾಣಿಗಳನ್ನು ಅಳಿಸಲು ಜೀನ್ ಡ್ರೈವ್ ಬಳಸಬಹುದೆಂದು ಅವರು ಸೂಚಿಸಿದ್ದರು. ಈ ಸೂಚನೆ ನ್ಯೂಜಿಲೆಂಡಿನಲ್ಲಿ ಆಸಕ್ತಿ ಹುಟ್ಟಿಸಿತು. ಹಾರಲಾರದ ಕಿವಿ ಮೊದಲಾದ ಹಕ್ಕಿಗಳನ್ನು ಇಲಿ, ಸ್ಟೋಟ್, ಪಾಸಮ್ ಎಂಬ ಪರದೇಶಿ ಪ್ರಾಣಿಗಳು ತಿಂದು ಮುಗಿಸುತ್ತಿರುವ ಆ ದೇಶವು, 2050ರೊಳಗೆ ಅವುಗಳಿಂದ ಮುಕ್ತವಾಗುವ ಸಂಕಲ್ಪವನ್ನು 2016ರಲ್ಲಿ ಪ್ರಕಟಿಸಿತ್ತು. ಆದರೆ 2017ರ ನವೆಂಬರಿನಲ್ಲಿ ಎಸ್ವೆಲ್ಟ್, ನ್ಯೂಜಿಲೆಂಡಿನ ವಿಜ್ಞಾನಿ ನೀಲ್ ಜೆಮ್ಮೆಲ್ ಅವರೊಡನೆ ಸೇರಿ, ತಮ್ಮ ಹಿಂದಿನ ಸೂಚನೆ ತಪ್ಪಾಗಿತ್ತೆಂದು ಬರೆದರು. ಸ್ವತಃ ಹಬ್ಬುವ ಜೀನ್ ಡ್ರೈವನ್ನು ಒಂದು ದೇಶದ ಮಿತಿಯಲ್ಲಿ ಇಟ್ಟುಕೊಳ್ಳಲಾಗದು. ಕೆಲವೇ ಪ್ರಾಣಿಗಳು ಸಮುದ್ರ ದಾಟಿದರೆ ಸಾಕು, ಆ ಪ್ರಾಣಿ ಎಲ್ಲಿ ಸಹಜವಾಸಿಯೋ ಅಲ್ಲಿಯೂ ಅದು ಹಬ್ಬಬಹುದು ಎಂಬುದು ಅವರ ಹೊಸ ಲೆಕ್ಕ. ಆಸ್ಟ್ರೇಲಿಯದ ಪಾಸಮ್ ನ್ಯೂಜಿಲೆಂಡಿಗೆ ಶತ್ರು, ಆಸ್ಟ್ರೇಲಿಯಕ್ಕೆ ಸ್ವಂತ ಆಸ್ತಿ. ಒಬ್ಬರ ಅಂಗಳದ ಕಳೆ ಇನ್ನೊಬ್ಬರ ತೋಟದ ಗಿಡವಾಗಿರುವ ಸಂದರ್ಭದಲ್ಲಿ ಬೇಲಿಯಿಲ್ಲದ ಔಷಧವನ್ನು ಸುರಿಯುವುದು ಹೇಗೆ?

ಈ ಭಯಕ್ಕೆ ಆಧಾರ ಆ ಪ್ರದೇಶದ ಚರಿತ್ರೆಯಲ್ಲಿಯೇ ಇದೆ. 1859ರಲ್ಲಿ ಥಾಮಸ್ ಆಸ್ಟಿನ್ ಎಂಬ ಜಮೀನುದಾರ ಬೇಟೆಯ ವಿನೋದಕ್ಕಾಗಿ ಆಸ್ಟ್ರೇಲಿಯದ ವಿಕ್ಟೋರಿಯಾ ಪ್ರಾಂತದಲ್ಲಿ ಸುಮಾರು ಎರಡು ಡಜನ್ ಮೊಲಗಳನ್ನು ಬಿಟ್ಟ. ಅವು ಕೋಟಿಗಟ್ಟಲೆಯಾಗಿ ಖಂಡವನ್ನೇ ಮೇಯ್ದವು. 1950ರಲ್ಲಿ ಮಿಕ್ಸೋಮಾ ಎಂಬ ವೈರಾಣುವನ್ನು ಬಿಟ್ಟು ಅವನ್ನು ಕೊಂದರು. ಉಳಿದವು ಕಾಲಕ್ರಮೇಣ ಅದನ್ನು ತಾಳಿಕೊಳ್ಳಲು ಕಲಿತವು. ಅನಂತರ ಇನ್ನೊಂದು ವೈರಾಣುವನ್ನು ತಂದು, ಜನವಸತಿಯ ಪ್ರದೇಶಕ್ಕೆ ಬಿಡುವ ಮೊದಲು ಪರೀಕ್ಷಿಸೋಣವೆಂದು, ದಕ್ಷಿಣ ಆಸ್ಟ್ರೇಲಿಯದ ವಾರ್ಡಾಂಗ್ ಎಂಬ ದ್ವೀಪದಲ್ಲಿ ಬೇಲಿಯೊಳಗೆ ಇಟ್ಟರು. ಬೇಲಿ ಮೊಲಕ್ಕೆ ಅಡ್ಡಬಂತು, ನೊಣಕ್ಕೆ ಅಡ್ಡಬರಲಿಲ್ಲ. 1995ರ ಅಕ್ಟೋಬರಿನಲ್ಲಿ ಆ ವೈರಾಣು, ಬಹುಶಃ ಕೀಟಗಳ ಮೂಲಕ, ಮುಖ್ಯ ಭೂಭಾಗವನ್ನು ಸೇರಿತು. ಬಿಡಬೇಕೇ ಬೇಡವೇ ಎಂಬ ಸಾರ್ವಜನಿಕ ವಿಚಾರಣೆ ಮುಗಿಯುವ ಮೊದಲೇ ಉತ್ತರ ನಿರ್ಧಾರವಾಗಿಹೋಗಿತ್ತು.

ಮುಂದಿನ ಪ್ರಕರಣ ಇನ್ನೂ ಕಹಿಯಾದದ್ದು. ಅದೇ ವೈರಾಣುವನ್ನು ತಮಗೂ ಕೊಡಬೇಕೆಂದು ನ್ಯೂಜಿಲೆಂಡಿನ ರೈತರು ಕೇಳಿದರು. ಸರ್ಕಾರ ವಿಚಾರಣೆ ನಡೆಸಿ 1997ರ ಜುಲೈಯಲ್ಲಿ ಬೇಡವೆಂದಿತು. ಮರುತಿಂಗಳೇ ಅಲ್ಲಿ ಮೊಲಗಳು ಆ ರೋಗದಿಂದ ಸಾಯತೊಡಗಿದವು. ಯಾರೋ ಕದ್ದು ತಂದಿದ್ದರು. ಸತ್ತ ಮೊಲಗಳ ಅಂಗಾಂಗಗಳನ್ನು ಅಡುಗೆಮನೆಯ ಮಿಕ್ಸಿಯಲ್ಲಿ ಅರೆದು ಹೊಲಗಳಲ್ಲಿ ಹರಡಿದರೆಂಬುದು ದಾಖಲೆಯಾಗಿರುವ ಸಂಗತಿ. ಕೊನೆಗೆ ಸರ್ಕಾರವೇ ಸೋತು ಅದನ್ನು ನ್ಯಾಯಬದ್ಧಗೊಳಿಸಿತು. ಬೇಲಿ ಎರಡು ರೀತಿಯಲ್ಲಿ ಮುರಿಯುತ್ತದೆಂಬುದು ಈ ಎರಡು ಘಟನೆಗಳ ಪಾಠ: ಒಂದು, ಪ್ರಕೃತಿಯ ಸೂಕ್ಷ್ಮ ದಾರಿಗಳಿಂದ, ಇನ್ನೊಂದು, ಮನುಷ್ಯನ ಲೋಭದಿಂದ ಮತ್ತು ಅಸಹನೆಯಿಂದ. ಅಪ್ಪಣೆಪತ್ರದಲ್ಲಿ ಎಷ್ಟೇ ಷರತ್ತುಗಳನ್ನು ಬರೆದರೂ ಈ ಎರಡನ್ನು ಲೆಕ್ಕಕ್ಕೆ ಹಿಡಿಯದ ಆಡಳಿತ ಕಾಗದದ ಆಡಳಿತವೇ ಸರಿ.

ಇಷ್ಟನ್ನು ಓದಿ, ಹಾಗಾದರೆ ಈ ವಿದ್ಯೆಯನ್ನೇ ನಿಷೇಧಿಸಿಬಿಡುವುದು ಒಳ್ಳೆಯದಲ್ಲವೇ ಎಂದು ಯಾರಾದರೂ ಕೇಳಬಹುದು. ಅನೇಕಾಂತ ದೃಷ್ಟಿಯುಳ್ಳವನು ಅಷ್ಟು ಬೇಗ ತೀರ್ಪು ಕೊಡಲಾರ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಮಲೇರಿಯಾದಿಂದ ಸತ್ತವರು 5 ಲಕ್ಷ 97 ಸಾವಿರ ಜನ. ಅವರಲ್ಲಿ ಬಹುಪಾಲು ಆಫ್ರಿಕದವರು. ಆಫ್ರಿಕದಲ್ಲಿ ಸತ್ತವರ ಪೈಕಿ ನಾಲ್ಕರಲ್ಲಿ ಮೂರು ಪಾಲು ಐದು ವರ್ಷದೊಳಗಿನ ಮಕ್ಕಳು. ಕೀಟನಾಶಕಕ್ಕೆ ಸೊಳ್ಳೆ ಒಗ್ಗಿಕೊಳ್ಳುತ್ತಿದೆ, ಔಷಧಕ್ಕೆ ರೋಗಾಣು ಒಗ್ಗಿಕೊಳ್ಳುತ್ತಿದೆ. ಏನನ್ನೂ ಮಾಡದೆ ಕೈಕಟ್ಟಿ ಕುಳಿತರೆ ಅಹಿಂಸೆಯಾಯಿತೆಂದು ಆ ತಾಯಂದಿರ ಮುಂದೆ ನಿಂತು ಹೇಳುವುದು ಕಷ್ಟ. ಸೊಳ್ಳೆಯೂ ನಾಲ್ಕು ಇಂದ್ರಿಯಗಳ ಜೀವಿಯೆಂದು ಶಾಸ್ತ್ರ ಎಣಿಸಿದೆ, ಅದಕ್ಕೂ ಬದುಕುವ ಆಸೆಯಿದೆ ಎಂಬುದು ನಿಜ. ಹಾಗೆಯೇ ಇಂದು ಮನೆಮನೆಯಲ್ಲಿ ಸಿಂಪಡಿಸುವ ವಿಷವು ಸೊಳ್ಳೆಯೊಂದನ್ನೇ ಕೊಲ್ಲುವುದಿಲ್ಲ, ಜೇನುಹುಳುವಿನಿಂದ ಮೀನಿನವರೆಗೆ ಅನೇಕ ಜೀವಿಗಳಿಗೆ ಕೇಡು ತರುತ್ತದೆ ಎಂಬುದೂ ನಿಜ. ಯಾವುದನ್ನೂ ಕೊಲ್ಲದೆ ಮಲೇರಿಯಾದ ರೋಗಾಣು ಮಾತ್ರ ಸೊಳ್ಳೆಯಲ್ಲಿ ಬೆಳೆಯದಂತೆ ತಿದ್ದುವ ಪ್ರಯತ್ನಗಳೂ ನಡೆದಿವೆ. ಇವುಗಳನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಬೇಕಾಗುತ್ತದೆ.

ಪಶ್ಚಿಮ ಆಫ್ರಿಕದ ಬುರ್ಕಿನಾ ಫಾಸೊ ದೇಶದಲ್ಲಿ ಈ ತೂಗುವಿಕೆ ಪ್ರತ್ಯಕ್ಷವಾಗಿ ನಡೆಯಿತು. ‘ಟಾರ್ಗೆಟ್ ಮಲೇರಿಯಾ’ ಎಂಬ ಅಂತರರಾಷ್ಟ್ರೀಯ ಯೋಜನೆಯವರು ಸರ್ಕಾರದ ಜೈವಿಕ ಸುರಕ್ಷತಾ ಸಂಸ್ಥೆಯ ಅನುಮತಿ ಪಡೆದು, 2019ರ ಜುಲೈ 1ರಂದು ಬಾನಾ ಎಂಬ ಹಳ್ಳಿಯಲ್ಲಿ ವಂಶವಾಹಿ ಬದಲಾಯಿಸಿದ ಕೆಲವು ಸಾವಿರ ಗಂಡು ಸೊಳ್ಳೆಗಳನ್ನು ಬಿಟ್ಟರು. ಅವುಗಳಲ್ಲಿ ಜೀನ್ ಡ್ರೈವ್ ಇರಲಿಲ್ಲ. ಅವು ಸಂತಾನವಿಲ್ಲದ ಸೊಳ್ಳೆಗಳು. ದೊಡ್ಡ ಹೆಜ್ಜೆಗೆ ಮೊದಲಿನ ಸಣ್ಣ ಹೆಜ್ಜೆ ಅದು. ಜೀನ್ ಎಂಬ ಶಬ್ದವೇ ಇಲ್ಲದ ದ್ಯುಲಾ ಭಾಷೆಯಲ್ಲಿ ವಿಷಯವನ್ನು ವಿವರಿಸುವುದಕ್ಕಾಗಿ ಭಾಷಾತಜ್ಞರನ್ನು ಕೂಡಿಸಿ ಪದಕೋಶವನ್ನೇ ಸಿದ್ಧಪಡಿಸಿದರು. ಆದರೂ ವಿರೋಧ ನಿಲ್ಲಲಿಲ್ಲ. ಹಳ್ಳಿಯ ಒಪ್ಪಿಗೆ ನಿಜವಾದ ತಿಳಿವಳಿಕೆಯಿಂದ ಬಂದದ್ದೇ, ಪಕ್ಕದ ಹಳ್ಳಿಯವರನ್ನು ಕೇಳಿದಿರಾ, ಹಣ ಕೊಡುವವರು ಪರದೇಶದವರು, ಪ್ರಯೋಗಕ್ಕೆ ಒಳಗಾಗುವವರು ಬಡ ಆಫ್ರಿಕದವರು ಏಕೆ ಎಂದು ಅಲ್ಲಿನ ಸಂಘಟನೆಗಳು ಕೇಳುತ್ತಲೇ ಬಂದವು. 2025ರ ಆಗಸ್ಟಿನಲ್ಲಿ ಇನ್ನೊಂದು ಬಗೆಯ ಸೊಳ್ಳೆಗಳನ್ನು ಬಿಟ್ಟ ಕೆಲವೇ ದಿನಗಳಲ್ಲಿ ಆ ದೇಶದ ಸೈನಿಕ ಸರ್ಕಾರ ಇಡೀ ಯೋಜನೆಯನ್ನು ನಿಲ್ಲಿಸಿತು. ಹನ್ನೆರಡು ವರ್ಷಕ್ಕೂ ಮಿಕ್ಕಿದ ಪರಿಶ್ರಮ ಒಂದು ಆಜ್ಞೆಯಿಂದ ಕೊನೆಗೊಂಡಿತು.

ಭಾರತಕ್ಕೆ ಇದು ಹೊಸ ಕಥೆಯಲ್ಲ. 1970ರ ದಶಕದ ಆರಂಭದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಜಂಟಿಯಾಗಿ, ಅಮೆರಿಕದ ಹಣದ ನೆರವಿನಿಂದ, ಸೊಳ್ಳೆಗಳ ಆನುವಂಶಿಕ ನಿಯಂತ್ರಣದ ಘಟಕವೊಂದನ್ನು ದೆಹಲಿಯಲ್ಲಿ ನಡೆಸುತ್ತಿದ್ದವು. ಸಂತಾನಶಕ್ತಿ ಕಳೆದ ಗಂಡು ಸೊಳ್ಳೆಗಳನ್ನು ಬಿಟ್ಟು ಸೊಳ್ಳೆಯ ಸಂಖ್ಯೆಯನ್ನು ಇಳಿಸುವುದು ಅದರ ಗುರಿ. ಹರಿಯಾಣದ ಸೋನಿಪತ್‌ನಲ್ಲಿ ಈಡಿಸ್ ಈಜಿಪ್ಟೈ ಸೊಳ್ಳೆಯ ಮೇಲೆ ದೊಡ್ಡ ಪ್ರಯೋಗಕ್ಕೆ ಸಿದ್ಧತೆ ನಡೆದಿತ್ತು. ಅಷ್ಟರಲ್ಲಿ, 1974ರಲ್ಲಿ, ಪತ್ರಿಕೆಗಳಲ್ಲಿ ಪ್ರಶ್ನೆಗಳು ಎದ್ದವು. ಈ ಸೊಳ್ಳೆ ಹಳದಿ ಜ್ವರವನ್ನು ಹರಡಬಲ್ಲದು. ಆ ಜ್ವರ ಭಾರತದಲ್ಲಿಲ್ಲ. ಹಾಗಿರುವಾಗ ಇದರ ಹಾರಾಟದ ಅಧ್ಯಯನ ಯಾರಿಗೆ ಬೇಕು, ಜೈವಿಕ ಯುದ್ಧದ ತಯಾರಿಗೋ ಎಂಬ ಶಂಕೆ ಹಬ್ಬಿತು. ವಿಶ್ವ ಆರೋಗ್ಯ ಸಂಸ್ಥೆ ಆರೋಪವನ್ನು ನಿರಾಕರಿಸಿತು. ವಿಷಯ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಮುಂದೆ ಹೋಯಿತು. 1975ರಲ್ಲಿ ಸೋನಿಪತ್ ಪ್ರಯೋಗ ರದ್ದಾಯಿತು, ಘಟಕವೂ ಮುಚ್ಚಿತು.

ಶಂಕೆ ನಿಜವಾಗಿತ್ತೆಂದು ಯಾರೂ ಸಾಧಿಸಿ ತೋರಿಸಲಿಲ್ಲ. ಆದರೆ ಶಂಕೆಗೆ ಎಡೆಕೊಟ್ಟದ್ದು ಮರೆಮಾಚಿದಂತೆ ತೋರಿದ ವ್ಯವಹಾರ. ಜನರಿಗೆ ಮೊದಲೇ ವಿವರಿಸಿದ್ದರೆ, ಲೆಕ್ಕವನ್ನು ತೆರೆದಿಟ್ಟಿದ್ದರೆ, ಕಥೆ ಬೇರೆಯಾಗಬಹುದಿತ್ತು. 1996ರಲ್ಲಿ ಅದೇ ಈಡಿಸ್ ಸೊಳ್ಳೆ ಹರಡಿದ ಡೆಂಗೆ ಜ್ವರದಿಂದ ದೆಹಲಿಯಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿ ನಾಲ್ಕು ನೂರಕ್ಕೂ ಮಿಕ್ಕಿದವರು ತೀರಿಕೊಂಡರು. ಆ ಪ್ರಯೋಗ ಮುಂದುವರಿದಿದ್ದರೆ ಈ ಸಾವುಗಳು ತಪ್ಪುತ್ತಿದ್ದವೆಂದು ಹೇಳಲಾಗದು. ಆದರೆ ಕಳೆದುಕೊಂಡ ನಂಬಿಕೆಯ ಬೆಲೆಯನ್ನು ಕಟ್ಟುವವರು ನಂಬಿಕೆ ಕೆಡಿಸಿದವರಲ್ಲ, ಬೇರೆಯವರು ಎಂಬುದು ಮಾತ್ರ ಸ್ಪಷ್ಟ. ವ್ಯಾಪಾರದಲ್ಲಿ ಒಮ್ಮೆ ತೂಕದಲ್ಲಿ ಸಂದೇಹ ಬಂದ ಅಂಗಡಿಯ ಒಳ್ಳೆಯ ಅಕ್ಕಿಯೂ ಮಾರಾಟವಾಗುವುದಿಲ್ಲ.

ಇಂದಿನ ಭಾರತದ ಕಾನೂನು ಈ ಪಾಠವನ್ನು ಪೂರ್ತಿ ಕಲಿತಿದೆಯೇ? ಪರಿಸರ ಸಂರಕ್ಷಣಾ ಕಾಯಿದೆಯ ಕೆಳಗೆ 1989ರಲ್ಲಿ ಮಾಡಿದ ನಿಯಮಗಳಂತೆ ತಳಿ ಮಾರ್ಪಡಿಸಿದ ಜೀವಿಗಳ ಬಿಡುಗಡೆಗೆ ಕೇಂದ್ರದ ಪರಿಶೀಲನಾ ಸಮಿತಿಯ ಒಪ್ಪಿಗೆ ಬೇಕು. 2022ರ ಮಾರ್ಚಿನಲ್ಲಿ, ಹೊರಗಿನ ವಂಶವಾಹಿ ಉಳಿದಿರದ ತಿದ್ದುಪಡಿ ಸಸ್ಯಗಳನ್ನು ಆ ನಿಯಮಗಳ ಮುಖ್ಯ ಭಾಗದಿಂದ ಬಿಡಲಾಯಿತು; 2025ರ ಮೇ ತಿಂಗಳಲ್ಲಿ ಅಂತಹ ಎರಡು ಭತ್ತದ ತಳಿಗಳನ್ನು ಪ್ರಕಟಿಸಲಾಯಿತು. ಭತ್ತದ ಗದ್ದೆಗೆ ಬದುವಿದೆ, ಬಿತ್ತದಿದ್ದರೆ ಆ ತಳಿ ಮುಂದಿನ ವರ್ಷ ಇರುವುದಿಲ್ಲ. ಆದರೆ ಸಸ್ಯಕ್ಕೆಂದು ಹೊಲಿದ ಅಂಗಿಯನ್ನು ಹಾರುವ ಸೊಳ್ಳೆಗೆ ತೊಡಿಸಲಾಗದು. ಬೆಂಗಳೂರಿನಲ್ಲಿಯೇ, ಟಾಟಾ ಸಂಸ್ಥೆಗಳ ದಾನದಿಂದ ಸ್ಥಾಪಿತವಾದ ತಳಿವಿಜ್ಞಾನ ಮತ್ತು ಸಮಾಜದ ಸಂಶೋಧನಾಲಯವು ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆಯ ಅಧ್ಯಯನ ನಡೆಸಿದೆ. ಆದ್ದರಿಂದ ಪ್ರಶ್ನೆ ಕರ್ನಾಟಕದಿಂದ ದೂರವಾದದ್ದಲ್ಲ. ಸಾಸಿವೆಯ ಕುಲಾಂತರಿ ತಳಿಯ ಪ್ರಕರಣದಲ್ಲಿ 2024ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಕನ್ನಡ ನಾಡಿನವರಾದ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಅವರು ಸಮಿತಿಯ ಅನುಮತಿಯನ್ನು ಅಸಿಂಧುವೆಂದರು. ನ್ಯಾಯಮೂರ್ತಿ ಸಂಜಯ್ ಕರೋಲ್ ಅವರು ಷರತ್ತುಗಳೊಡನೆ ಎತ್ತಿಹಿಡಿದರು. ಎಲ್ಲರನ್ನೂ ಕೇಳಿ ರಾಷ್ಟ್ರೀಯ ನೀತಿಯೊಂದನ್ನು ರೂಪಿಸಬೇಕೆಂಬುದರಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು.

ದೇಶದ ಗಡಿಯಾಚೆಯ ವ್ಯವಸ್ಥೆಯೂ ಅಪೂರ್ಣವೇ. 2000ದಲ್ಲಿ ಒಪ್ಪಿ 2003ರಲ್ಲಿ ಜಾರಿಗೆ ಬಂದ ಕಾರ್ಟಜೀನಾ ಒಡಂಬಡಿಕೆ ಇಂತಹ ಜೀವಿಗಳನ್ನು ಒಂದು ದೇಶದಿಂದ ಇನ್ನೊಂದಕ್ಕೆ ಸಾಗಿಸುವಾಗ ಮೊದಲು ತಿಳಿಸಿ ಒಪ್ಪಿಗೆ ಪಡೆಯಬೇಕೆನ್ನುತ್ತದೆ. 2018ರಲ್ಲಿ ಈಜಿಪ್ಟಿನಲ್ಲಿ ಸೇರಿದ ಜೀವವೈವಿಧ್ಯ ಸಮಾವೇಶವು, ಜೀನ್ ಡ್ರೈವ್ ಜೀವಿಗಳನ್ನು ಬಿಡುವ ಮೊದಲು ಅಪಾಯವನ್ನು ಪ್ರಕರಣವಾರು ಅಳೆಯಬೇಕು, ಅದರಿಂದ ಬಾಧಿತರಾಗಬಹುದಾದ ಮೂಲನಿವಾಸಿಗಳ ಮತ್ತು ಸ್ಥಳೀಯರ ಸಮ್ಮತಿಯನ್ನು ಯಥೋಚಿತವಾಗಿ ಪಡೆಯಬೇಕು ಎಂದು ನಿರ್ಣಯಿಸಿತು. ಆದರೆ ಈ ವಿದ್ಯೆ ಬಹುಮಟ್ಟಿಗೆ ಬೆಳೆದ ಅಮೆರಿಕವೇ ಈ ಒಡಂಬಡಿಕೆಗಳಿಗೆ ಸೇರಿಲ್ಲ. ಗಡಿಯನ್ನು ಗೌರವಿಸುವುದು ಸೊಳ್ಳೆಗೂ ತಿಳಿಯದು: ಏಷ್ಯದ ಸ್ಟೀಫೆನ್ಸಿ ಸೊಳ್ಳೆ 2012ರಲ್ಲಿ ಆಫ್ರಿಕದ ಜಿಬೂಟಿಯಲ್ಲಿ ಕಾಣಿಸಿಕೊಂಡು ಅಲ್ಲಿಂದ ಅನೇಕ ದೇಶಗಳಿಗೆ ಹಬ್ಬಿದೆ. ಅದಕ್ಕೆ ಯಾರೂ ರಹದಾರಿ ಕೊಟ್ಟಿರಲಿಲ್ಲ.

ಇಲ್ಲಿ ಶ್ರಾವಕಾಚಾರದ ಎರಡು ಮೂರು ಪರಿಭಾಷೆಗಳು ಪ್ರಯೋಜನಕ್ಕೆ ಬರುತ್ತವೆ. ಕರ್ಮವು ಮೂರು ದಾರಿಯಿಂದ ಬರುತ್ತದೆ: ತಾನೇ ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಅನುಮೋದಿಸುವುದು. ಪ್ರಯೋಗಾಲಯದ ವಿಜ್ಞಾನಿ ಮಾಡಿದವನು, ಹಣ ಕೊಟ್ಟ ಸಂಸ್ಥೆ ಮಾಡಿಸಿದ್ದು, ಮುದ್ರೆ ಒತ್ತಿದ ಸಮಿತಿ ಮತ್ತು ಮೌನವಾಗಿ ಒಪ್ಪಿದ ಸಮಾಜ ಅನುಮೋದಿಸಿದ್ದು. ಮೂವರಲ್ಲಿ ಯಾರೂ ಇನ್ನೊಬ್ಬರ ಕಡೆ ಬೆರಳು ತೋರಿಸಿ ಪಾರಾಗಲಾರರು. ಜೀನ್ ಡ್ರೈವ್‌ನ ವಿಷಯದಲ್ಲಿ ಮಾಡಿಸುವ ಕ್ರಿಯೆ ಒಂದು ದಿನಕ್ಕೆ ಮುಗಿಯುವುದೂ ಇಲ್ಲ. ಬಿಟ್ಟವರು ಕಾಲವಾದ ಮೇಲೂ ಅದು ತಲೆಮಾರಿನಿಂದ ತಲೆಮಾರಿಗೆ ಮಾಡಿಸುತ್ತಲೇ ಇರುತ್ತದೆ. ಹಿಂಸೆಯ ಸಾಧನವನ್ನು ಪರರ ಕೈಗೆ ಕೊಡುವುದನ್ನು ಹಿಂಸಾದಾನವೆಂದು ಕರೆದು ಗೃಹಸ್ಥನಿಗೆ ನಿಷೇಧಿಸಿದ್ದರ ಅರ್ಥ ಇಂತಹ ಸಂದರ್ಭದಲ್ಲಿ ಹೆಚ್ಚು ತಿಳಿಯಾಗುತ್ತದೆ.

ದಿಗ್ವ್ರತವೆಂಬ ವ್ರತವೂ ಉಂಟು. ವರ್ತಕನಾದ ಗೃಹಸ್ಥನು ಇಂತಿಂತಹ ದಿಕ್ಕಿನಲ್ಲಿ ಇಷ್ಟು ದೂರ ಮಾತ್ರ ತನ್ನ ವ್ಯವಹಾರವೆಂದು ತಾನೇ ಗೆರೆ ಎಳೆದುಕೊಳ್ಳುತ್ತಾನೆ. ಆಚೆ ಲಾಭವಿದ್ದರೂ ದಾಟುವುದಿಲ್ಲ. ಗೆರೆಯನ್ನು ಸದ್ದಿಲ್ಲದೆ ಹಿಗ್ಗಿಸುವುದನ್ನೂ, ಗೆರೆ ಎಲ್ಲಿತ್ತೆಂಬುದನ್ನು ಮರೆಯುವುದನ್ನೂ ವ್ರತದ ದೋಷಗಳೆಂದು ಎಣಿಸಲಾಗಿದೆ. ಎಸ್ವೆಲ್ಟ್ ಅವರ ಮುಂದಿನ ಕೆಲಸದಲ್ಲಿ ಇಂತಹದೇ ಒಂದು ಗೆರೆಯ ಹುಡುಕಾಟ ಕಾಣುತ್ತದೆ. 2016ರಿಂದ ಅವರ ತಂಡ ಪ್ರತಿ ತಲೆಮಾರಿಗೂ ಒಂದೊಂದು ಕೊಂಡಿ ಕಳಚುತ್ತ ಕೊನೆಗೆ ತಾನೇ ನಿಂತುಹೋಗುವ ಡ್ರೈವ್ ಒಂದನ್ನು ರೂಪಿಸುವ ಯತ್ನದಲ್ಲಿ ತೊಡಗಿತು. ಎಣ್ಣೆ ತೀರಿದೊಡನೆ ಆರುವ ದೀಪದ ಹಾಗೆ ಅದು. ಇಡೀ ಕಾಡಿಗೆ ಹಬ್ಬುವ ಬೆಂಕಿಗಿಂತ ಅಂತಹ ದೀಪ ಮೇಲಲ್ಲವೇ?

ಆಡಳಿತ ಮಾಡುವವರಿಗೆ ಇವೆಲ್ಲದರಿಂದ ದೊರೆಯುವ ನಿಯಮಗಳು ಬಹಳ ಕಠಿಣವಾದವಲ್ಲ. ಪ್ರಯೋಗಕ್ಕೆ ಮೊದಲೇ ವಿಷಯವನ್ನು ಬಹಿರಂಗಪಡಿಸಬೇಕು. ಫಲವನ್ನಾಗಲಿ ಕೇಡನ್ನಾಗಲಿ ಅನುಭವಿಸುವವರನ್ನು ಅವರ ಭಾಷೆಯಲ್ಲಿ ಕೇಳಬೇಕು. ಬೇಡವೆನ್ನುವ ಹಕ್ಕು ಅವರಿಗೆ ನಿಜವಾಗಿ ಇರಬೇಕು. ಭಾರತದಲ್ಲಿ 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲಿಯೂ ಇರಬೇಕಾದ ಜೀವವೈವಿಧ್ಯ ನಿರ್ವಹಣಾ ಸಮಿತಿಗಳನ್ನು ಇದಕ್ಕೆ ಬಳಸಿಕೊಳ್ಳಬಹುದು. ತಾನಾಗಿ ನಿಲ್ಲುವುದನ್ನು ಮೊದಲು, ತಾನಾಗಿ ಹಬ್ಬುವುದನ್ನು ಕೊನೆಗೆ, ಅದೂ ಬೇರೆ ದಾರಿಯಿಲ್ಲದಾಗ, ಅದು ಹಬ್ಬಬಹುದಾದ ದೇಶಗಳೆಲ್ಲವೂ ಒಪ್ಪಿದಾಗ ಮಾತ್ರ ಪರಿಶೀಲಿಸಬೇಕು. ಕೇಡಾದರೆ ತುಂಬಿಕೊಡುವವರ ಹೆಸರು ಮತ್ತು ಮೊತ್ತ ಮೊದಲೇ ಬರಹದಲ್ಲಿರಬೇಕು. ಸರಕು ಉಗ್ರಾಣದಿಂದ ಹೊರಡುವ ಮೊದಲು ಎಷ್ಟು, ಯಾರಿಗೆ, ಜಾಮೀನು ಯಾರದು ಎಂದು ಕಿರ್ದಿಯಲ್ಲಿ ಬರೆಯದ ಗುಮಾಸ್ತನನ್ನು ಯಾವ ಮಂಡಿಯ ಯಜಮಾನನೂ ಇಟ್ಟುಕೊಳ್ಳುವುದಿಲ್ಲ. ಎರಡು ಮೂಟೆ ಮೆ‌ಣಸಿಗೆ ಬೇಕಾದ ಈ ಎಚ್ಚರಿಕೆ, ಒಂದು ಜೀವಜಾತಿಯ ಭವಿಷ್ಯಕ್ಕೆ ಬೇಡವೆನ್ನುವುದು ಸಾಧುವಲ್ಲ.

ಇಂತಹ ನಿಯಮಗಳಿಂದ ಕೆಲಸ ತಡವಾಗುತ್ತದೆ, ಆ ತಡದಲ್ಲಿ ಮಕ್ಕಳು ಸಾಯುತ್ತಾರೆ ಎಂಬ ಆಕ್ಷೇಪಣೆ ಹಗುರವಾದದ್ದಲ್ಲ. ಸೊಳ್ಳೆಪರದೆ, ಔಷಧ, ಈಗ ಬಂದಿರುವ ಮಲೇರಿಯಾ ಲಸಿಕೆಗಳು ಆ ಮಕ್ಕಳಿಗೆ ಇಂದೇ ತಲುಪುವಂತೆ ದುಡಿಯುವುದು ಅದಕ್ಕೆ ಕೊಡಬಹುದಾದ ಮೊದಲ ಉತ್ತರ. ಎರಡನೆಯ ಉತ್ತರವನ್ನು ಸೋನಿಪತ್ ಮತ್ತು ಬುರ್ಕಿನಾ ಫಾಸೊ ಕೊಟ್ಟಿವೆ. ನಂಬಿಕೆ ಬೇರೂರುವ ಮೊದಲು ಇಟ್ಟ ಹೆಜ್ಜೆಯನ್ನು ಒಂದು ದಿನದ ಆಜ್ಞೆ ಹಿಂದಕ್ಕೆ ತಳ್ಳಬಲ್ಲದು. ಆಗ ಆಗುವ ತಡ ವರ್ಷಗಳದ್ದಲ್ಲ, ದಶಕಗಳದ್ದು. ನ್ಯಾಂಟಕೆಟ್ಟಿನ ಜನ ಒಂದು ಕಾಡಿಲಿಯ ವಿಷಯದಲ್ಲಿ ವರ್ಷಗಟ್ಟಲೆ ಕುಳಿತು ವಿಚಾರ ಮಾಡಿದ್ದು ವ್ಯರ್ಥವಾಯಿತೆಂದು ಯಾರೂ ಭಾವಿಸಬೇಕಾಗಿಲ್ಲ. ಹಿಂದಿರುಗಿ ಬಾರದ ಸರಕನ್ನು ಕೊಡುವವರೂ ಕೊಳ್ಳುವವರೂ ಹಾಗೆಯೇ ಕುಳಿತು ಮಾತನಾಡಬೇಕು.